ಎಂಟು ಜನರ ಲಿಫ್ಟು

ಮೂರನೆಯದು ಏಳಲಿಲ್ಲ. ಮೊದಲೆರಡು ಎದ್ದು, ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಚುಕ್ಕೆ ತೋರಿಸಿ, ತಮ್ಮತಮ್ಮೊಳಗೆ ಮಾತುಕತೆ ಶುರುಮಾಡಿದ್ದವು. ಮೂರನೆಯದು ಮಾತ್ರ ನಾಲ್ಕು ಸಾಲು ಬಿಳಿ ಅಕ್ಷರ ಉಗುಳಿ, ಮಗ್ಗುಲು ಬದಲಿಸಿ ಮತ್ತೆ ಮುಸುಕೆಳೆದುಕೊಂಡವರ ಹಾಗೆ ಸುಮ್ಮನಾಗಿಬಿಟ್ಟಿತು. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಒಲೆಯ ಮೇಲೆ ಹಾಲಿತ್ತು, ಒಗೆದ ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಕೂತಿತ್ತು, ಆಫೀಸಿನ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ.

"ಎದ್ವಾ?" ಎಂದು ಬೆನ್ನ ಹಿಂದಿನ ಮಂಚದಿಂದ ಮಾವ ಕೇಳಿದರು.

"ಎರಡು ಎದ್ದಿವೆ ಮಾವ. ಒಂದು ಹಟ ಮಾಡ್ತಿದೆ."

"ನಿನ್ನೆ ಹಟ ಮಾಡಿದ್ದು ಅದೇನಾ?"

"ಇಲ್ಲ, ನಿನ್ನೆ ಎರಡನೇದು. ಇವತ್ತು ಇದು."

"ಪಾಳಿ ಹಾಕ್ಕೊಂಡು ಹಟ ಮಾಡ್ತವೆ ಅಂದ್ರೆ ಶಿಸ್ತಿನ ಮಕ್ಕಳೇ ಬಿಡು," ಎಂದು ಮಾವ ನಕ್ಕರು. ನಕ್ಕಿದ್ದೇ ಕೆಮ್ಮು ಬಂತು. ಅದು ಮುಗಿಯುವವರೆಗೂ ಅವಳು ಕೀಲಿಮಣೆಯಿಂದ ಕೈ ಎತ್ತಿ ಕಾದಳು. ಮುಗಿದ ಮೇಲೆ ಮತ್ತೆ ಟೈಪ್ ಮಾಡತೊಡಗಿದಳು.

ಕೆಲಸಕ್ಕೆ ಸೇರಿದಂದಿನಿಂದ ಅವಳದು ಒಂದೇ ಜಾಗ, ವಿಮಾ ಕಂಪನಿಯ ಸರ್ವರ್ ಕೋಣೆ. ಕಿಟಕಿಯಿಲ್ಲದ, ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಕೂರಬೇಕಾದ ಕೋಣೆ. ಯಾವ ಯಂತ್ರ ನರಳುತ್ತಿದೆ, ಯಾವುದರ ಫ್ಯಾನು ಇನ್ನು ಸ್ವಲ್ಪ ದಿನದಲ್ಲಿ ಕೈಕೊಡುತ್ತದೆ ಎನ್ನುವುದನ್ನು ಅವಳು ಬಾಗಿಲಲ್ಲಿ ನಿಂತು ಬರೀ ಕಿವಿಯಿಂದ ಹೇಳುತ್ತಿದ್ದಳು. ಅಲ್ಲಿದ್ದ ಒಂದೊಂದು ವೈರಿನ ಕುತ್ತಿಗೆಗೂ ಅವಳ ಕೈಬರಹದ ಬಿಳಿ ಪಟ್ಟಿ ಇತ್ತು. ಮುಖ್ಯವಾದ ಎರಡು ಯಂತ್ರಗಳನ್ನು ಯಾರಾದರೂ ಒಂದೇ ಪ್ಲಗ್ಗಿನ ಜಾಗಕ್ಕೆ ಸಿಕ್ಕಿಸಿದರೆ ಆ ದಿನ ಅವರಿಗೆ ಗ್ರಹಚಾರ ಬಿಡಿಸುತ್ತಿದ್ದಳು. ಈಗ ಆ ಕೋಣೆಯನ್ನೇ ಖಾಲಿ ಮಾಡುತ್ತಿದ್ದರು. ಕಂಪನಿಯ ಕೆಲಸವೆಲ್ಲ ಇನ್ನು ಮುಂದೆ ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಕಟ್ಟಡದಲ್ಲಿರುವ ಬೇರೆಯವರ ಯಂತ್ರಗಳೊಳಗೆ. ಆ ಯಂತ್ರಗಳನ್ನು ಮುಟ್ಟುವುದಿರಲಿ, ಅವುಗಳ ಸದ್ದು ಕೂಡ ಅವಳ ಕಿವಿಗೆ ಬೀಳುವಂತಿರಲಿಲ್ಲ.

ಉಳಿಯಬೇಕೆನ್ನುವವರು ಒಂದು ಪರೀಕ್ಷೆ ಕೊಡಬೇಕಿತ್ತು. ಮನೆಯಲ್ಲೇ, ಒಂದೇ ಕಂಪ್ಯೂಟರಿನೊಳಗೆ, ಒಂದು ಪುಟ್ಟ ಕ್ಲೌಡನ್ನು ಕಟ್ಟಿ ತೋರಿಸಬೇಕು. ಒಂದು ನಿಜವಾದ ಯಂತ್ರದ ಹೊಟ್ಟೆಯೊಳಗೆ ಆರು ಸುಳ್ಳು ಯಂತ್ರಗಳು. ತಾವು ಸುಳ್ಳೆಂದು ಆರಕ್ಕೂ ಗೊತ್ತಿರುವುದಿಲ್ಲ. ಪ್ರತಿಯೊಂದೂ ತನಗೆ ಸ್ವಂತ ಮೆದುಳು, ಸ್ವಂತ ಮೆಮೊರಿ ಇದೆಯೆಂದೇ ನಂಬಿಕೊಂಡು ದುಡಿಯುತ್ತಿರುತ್ತದೆ. ಮೂರು ಯಜಮಾನಿಕೆಗೆ, ಎರಡು ದುಡಿಮೆಗೆ, ಒಂದು ಉಗ್ರಾಣಕ್ಕೆ. ಪರೀಕ್ಷಕರು ನಡುವೆ ಯಾವುದೋ ಒಂದನ್ನು ಕೊಲ್ಲಲು ಹೇಳುತ್ತಾರೆ. ಉಳಿದವು ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸಬೇಕು, ಸತ್ತದ್ದನ್ನು ಅವಳು ಮತ್ತೆ ಎಬ್ಬಿಸಿ ಸಾಲಿಗೆ ಸೇರಿಸಬೇಕು. ಆಯಿತೋ, ಕೆಲಸ ಉಳಿಯಿತು. ಇಲ್ಲವಾದರೆ ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಕಳಿಸುತ್ತಾರೆ.

ಮನೆಗೆ ಕಳಿಸಿದರೆ ಸಂಬಳ ಹೋಗುವುದು ಒಂದು ಮಾತು. ಆದರೆ ಮಾವನ ಮಂಚದ ಪಕ್ಕದ ಆಕ್ಸಿಜನ್ ಮೆಷಿನ್ನು ಬಂದದ್ದು ಅವಳ ಕೆಲಸದ ಜೊತೆಗೆ ಸಿಕ್ಕ ಆರೋಗ್ಯ ವಿಮೆಯಿಂದ. ಕೆಲಸ ಹೋದರೆ ಅವರು ಬಂದು ಅದನ್ನು ಎತ್ತಿಕೊಂಡು ಹೋಗುತ್ತಾರೆ. ಇದನ್ನು ಅವಳು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಮಾವನಿಗೆ ಹೇಳದೆಯೇ ಗೊತ್ತಿತ್ತು.

ಪರೀಕ್ಷೆಗೆಂದು ಅವಳು ಮನೆಗೆ ತಂದದ್ದು ಗುಜರಿಗೆ ಹೊರಟಿದ್ದ ಒಂದು ಹಳೆಯ ಸರ್ವರನ್ನು. ಆಫೀಸಿನಲ್ಲಿ ಎಲ್ಲರೂ ಅದನ್ನು ಗೂರಲಜ್ಜ ಎನ್ನುತ್ತಿದ್ದರು, ಅದರ ಫ್ಯಾನು ಹಾಗೆ ಏದುಸಿರು ಬಿಡುತ್ತಿತ್ತು. ಆ ಹೆಸರನ್ನು ಅವಳು ಮಾವನೆದುರು ಬಾಯಿಗೆ ತರಲಿಲ್ಲ. ಇಡಲು ಜಾಗವೆಂದರೆ ಮಾವನ ಕೋಣೆಯೇ. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಬಡಾವಣೆ ಅದು. ಬ್ಯಾಟರಿಯ ಸಂಪರ್ಕವಿದ್ದ ಪ್ಲಗ್ಗು ಮನೆಯಲ್ಲಿ ಅದೊಂದೇ, ಆಕ್ಸಿಜನ್ ಮೆಷಿನ್ನಿಗೆಂದು ಹಾಕಿಸಿದ್ದು. ಪರೀಕ್ಷೆಯ ನಡುವೆ ಕರೆಂಟು ಕೈಕೊಟ್ಟರೆ ಮಾಡುವುದೇನು? ಹಾಗಾಗಿ ಅದೇ ಜಾಗಕ್ಕೆ ತನ್ನದನ್ನೂ ಸಿಕ್ಕಿಸಿದಳು. ಸಿಕ್ಕಿಸುವಾಗ ಕೈ ಒಂದು ಕ್ಷಣ ತಡೆಯಿತು. ತಡೆದದ್ದಕ್ಕೆ ಅವಳಿಗೆ ತನ್ನ ಮೇಲೇ ರೇಗಿತು. ಇದೇನು ಆಫೀಸೇ?

ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಫೋನಿನಲ್ಲಿ ಅವಳು ಪರೀಕ್ಷೆಯ ಸುದ್ದಿ ಎತ್ತಿದಾಗ, "ನಿಂಗೆ ಗೊತ್ತಿಲ್ದೇ ಇರೋದೇನಿದೆ" ಎಂದಿದ್ದ. ಅಪ್ಪನ ಉಸಿರಾಟದ ಸುದ್ದಿ ಎತ್ತಿದಾಗ, "ನೀನಿದ್ದೀಯಲ್ಲ" ಎಂದಿದ್ದ. ಅದು ಅವನ ಮಟ್ಟಿಗೆ ಪ್ರೀತಿಯ ಮಾತು, ಸುಳ್ಳೂ ಅಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಎಲ್ಲಾದರೂ ಒಂದು ಗೋಡೆ ಸಿಕ್ಕರೆ ಸಾಕು, ಒರಗಿ ಸುಮ್ಮನೆ ಕೂತುಬಿಡೋಣ ಅನ್ನಿಸುತ್ತಿತ್ತು.

ಪಾಠ ಹೇಳುತ್ತಿದ್ದವರು ವೀಡಿಯೊದಲ್ಲಿದ್ದ ಒಬ್ಬ ಬೋಳುತಲೆಯ ಮೇಷ್ಟ್ರು. ಸಂಜೆ ಅವಳು ತರಕಾರಿ ಹೆಚ್ಚುತ್ತಾ ಮಾವನ ಕೋಣೆಯಲ್ಲೇ ಅದನ್ನು ನೋಡುತ್ತಿದ್ದಳು, ಮಾವನೂ ಕೇಳಿಸಿಕೊಳ್ಳುತ್ತಿದ್ದರು. ಅರ್ಥವಾಗದಿದ್ದರೂ ಮೇಷ್ಟ್ರ ಮೇಲೆ ಅವರಿಗೊಂದು ಅಕ್ಕರೆ ಹುಟ್ಟಿತ್ತು. "ಮನುಷ್ಯ ಒಂದ್ಸಲಾನೂ ನೀರು ಕುಡಿಯಲ್ವಲ್ಲೇ" ಎನ್ನುತ್ತಿದ್ದರು.

ಒಂದು ಸಂಜೆ ಮೇಷ್ಟ್ರು ಮೆಮೊರಿ ಹಂಚುವ ಬಗೆ ಹೇಳಿದರು. ಯಂತ್ರದಲ್ಲಿ ಇರುವುದು ಮೂವತ್ತೆರಡು ಪಾಲು. ಆರು ಸುಳ್ಳು ಯಂತ್ರಗಳಿಗೆ ಎಂಟೆಂಟರಂತೆ ಕೊಡುತ್ತೇವೆಂದು ಮಾತು ಕೊಡಿ, ಪರವಾಗಿಲ್ಲ ಎಂದರು. ಕೊಟ್ಟ ಮಾತು ನಲವತ್ತೆಂಟಾಯಿತಲ್ಲ ಎಂದು ಗಾಬರಿ ಬೇಡ. ಎಲ್ಲವೂ ಒಂದೇ ಸಲ ಪೂರ್ತಿ ಕೇಳುವುದಿಲ್ಲ.

ಅವಳು ಚಾಕು ಕೆಳಗಿಟ್ಟಳು. "ಇಲ್ಲದ್ದನ್ನ ಕೊಡ್ತೀನಿ ಅನ್ನೋದಾ? ಒಂದಿನ ಎಲ್ಲಾ ಒಟ್ಟಿಗೆ ಕೇಳಿದ್ರೆ?"

ಮೇಷ್ಟ್ರು ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು. ಆಗ ಯಂತ್ರವೇ ಒಂದನ್ನು ಆರಿಸಿ ಕೊಂದು, ಉಳಿದವನ್ನು ಉಳಿಸಿಕೊಳ್ಳುತ್ತದಂತೆ.

ಮಾವನಿಗೆ ಇದು ಮಾತ್ರ ಸಲೀಸಾಗಿ ಅರ್ಥವಾಯಿತು. ಅವರು ಒಂದು ಎತ್ತರದ ಕಚೇರಿ ಕಟ್ಟಡದಲ್ಲಿ ಲಿಫ್ಟು ಓಡಿಸಿಕೊಂಡೇ ಆಯುಷ್ಯ ಕಳೆದವರು. "ನಮ್ಮ ಲಿಫ್ಟೂ ಹಿಂಗೇ. ಎಂಟು ಜನ ಅಂತ ಹಿತ್ತಾಳೆ ಫಲಕ ಹೊಡ್ದಿದ್ರು. ಬೆಳಿಗ್ಗೆ ಹತ್ತು ಗಂಟೆಗೆ ಎಂಟು ಜನ ಅಂದ್ರೆ ಯಾರು ಕೇಳ್ತಾರೆ? ನುಗ್ಗೋರು. ಭಾರ ಜಾಸ್ತಿ ಆಯ್ತು ಅಂತ ಗಂಟೆ ಹೊಡ್ಕೊಳ್ಳೋದು. ಒಬ್ರು ಇಳಿದ್ರೆ ಸಾಕು ಹೋಗುತ್ತೆ. ಇಳೀತಾರಾ? ಎಲ್ಲರೂ ಮೇಲೆ ನೋಡ್ಕೊಂಡು ನಿಂತ್ಬಿಡೋರು, ಗಂಟೆ ಬೇರೆ ಯಾರಿಗೋ ಹೊಡೀತಿದೆ ಅನ್ನೋ ಹಂಗೆ."

"ಆಮೇಲೆ?"

"ಆಮೇಲೇನು, ನಾನೇ ಇಳ್ದುಬಿಡ್ತಿದ್ದೆ."

"ಲಿಫ್ಟು ಓಡಿಸೋರೇ ಇಳಿದ್ರೆ?"

"ಗುಂಡಿ ಒತ್ತೋಕೆ ಯಾವನಾದ್ರೂ ಸಾಕು ಕಣಮ್ಮ. ಒತ್ತಿ ಕಳಿಸಿ, ನಾನು ಮೆಟ್ಟಿಲು ಹತ್ಕೊಂಡು ಓಡೋಗಿ, ಅವರು ಬರೋದ್ರೊಳಗೆ ಮೇಲೆ ನಿಂತಿರ್ತಿದ್ದೆ, ಬಾಗಿಲು ತೆಗೆಯೋಕೆ. ಎಷ್ಟೋ ಜನಕ್ಕೆ ನಾನು ಇಳಿದಿದ್ದೇ ಗೊತ್ತಾಗ್ತಿರ್ಲಿಲ್ಲ." ಇಷ್ಟು ಹೇಳುವುದರೊಳಗೆ ಅವರಿಗೆ ಎರಡು ಸಲ ನಿಲ್ಲಿಸಬೇಕಾಯಿತು. ಮೂಗಿನ ನಳಿಕೆ ಸರಿಪಡಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಆ ಮೆಟ್ಟಿಲುಗಳನ್ನು ಮತ್ತೊಮ್ಮೆ ಹತ್ತುತ್ತಿರುವವರಂತೆ ಸ್ವಲ್ಪ ಹೊತ್ತು ಮಲಗಿದರು.

ಮೊದಲು ಮನಸ್ಸಿಗೆ ಒಗ್ಗದಿದ್ದ ಮೇಷ್ಟ್ರ ಆ ಲೆಕ್ಕವನ್ನು ಅವಳು ಕೊನೆಗೆ ಒಪ್ಪಿಕೊಂಡಳು. ಒಪ್ಪಿದ ಮೇಲೆ ಆರೂ ಎದ್ದವು. ಹಟಮಾರಿ ಮೂರನೆಯದು ಕೂಡ ಎದ್ದು ಹಸಿರು ಚುಕ್ಕೆ ತೋರಿಸಿತು. ಆ ಬೆಳಿಗ್ಗೆ ಅವಳಿಗೆ ಕುಣಿಯಬೇಕೆನಿಸಬೇಕಿತ್ತು. ಬದಲಿಗೆ ಕುರ್ಚಿಯಲ್ಲೇ ತಲೆ ಹಿಂದಕ್ಕೆ ವಾಲಿಸಿ ನಿದ್ದೆಹೋದಳು, ಬಸ್ಸು ತಪ್ಪಿತು.

ಆಮೇಲೆ ಅವಳು ಬ್ಯಾಟರಿಯನ್ನೂ ಪರೀಕ್ಷಿಸಿದಳು. ಮುಖ್ಯ ಸ್ವಿಚ್ಚು ಆರಿಸಿ, ಮಾವನ ಮೆಷಿನ್ನು ಮತ್ತು ತನ್ನದು ಎರಡನ್ನೂ ಬ್ಯಾಟರಿಯ ಮೇಲೆ ಓಡಲು ಬಿಟ್ಟಳು. ಎರಡೂ ನಿರಾತಂಕವಾಗಿ ಓಡಿದವು. ಆದರೆ ಆಗ ಆರು ಯಂತ್ರಗಳೂ ಕೆಲಸವಿಲ್ಲದೆ ಸುಮ್ಮನೆ ಕೂತಿದ್ದವು. ಕೆಲಸ ಕೊಟ್ಟು ನೋಡಬೇಕೆಂದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು, ದಣಿವಾಗಿತ್ತು, ಇಷ್ಟು ಸಾಕು ಅನ್ನಿಸಿತು. ಎಲ್ಲ ಒಂದೇ ಸಲ ಕೇಳುವುದಿಲ್ಲ ಎಂದು ಮೇಷ್ಟ್ರೇ ಹೇಳಿದ್ದಾರಲ್ಲ. ಬ್ಯಾಟರಿಯೂ ಮುಗಿದರೆ ಇರಲೆಂದು ಮೂಲೆಯಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರು ಹಿಂದಿನ ವಾರದ ಕರೆಂಟಿನ ಕಾಟಕ್ಕೆ ಬರಿದಾಗಿತ್ತು. ಬದಲಿ ಸಿಲಿಂಡರು ಸೋಮವಾರ ಬರುತ್ತದೆಂದು ಅಂಗಡಿಯವನು ಹೇಳಿದ್ದ. ಪರೀಕ್ಷೆ ಶನಿವಾರ.

ಶನಿವಾರ ಬೆಳಿಗ್ಗೆ ಅವಳು ಮಾವನಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ನಳಿಕೆಯನ್ನು ಕಿವಿಯ ಹಿಂದೆ ಸರಿಯಾಗಿ ಸಿಕ್ಕಿಸಿ, ಕಿಟಕಿ ಅರ್ಧ ತೆರೆದು, ಫೋನಿನಿಂದ ಇಂಟರ್ನೆಟ್ಟು ಕೊಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತಳು. ಗೂರಲಜ್ಜ ಕಾಲಬುಡದಲ್ಲಿ ಗೊರಗೊರ ಎನ್ನುತ್ತಿತ್ತು. ಹಿಂದೆ ಮಾವನ ಮೆಷಿನ್ನು ಉಸ್ ಎಂದು ಎಳೆದು ಟಪ್ ಎಂದು ಬಿಡುತ್ತಿತ್ತು. ಅವಳು ಇಯರ್‌ಫೋನು ಕಿವಿಗೆ ತುರುಕಿದ ಮೇಲೆ ಎರಡೂ ದೂರವಾದವು.

ಪರೀಕ್ಷಕರು ಇಬ್ಬರು, ಒಂದು ಗಂಡುದನಿ, ಒಂದು ಹೆಣ್ಣುದನಿ. ಗಂಡುದನಿಗೆ ಅವಸರ. "ಮೇಡಂ, ಆರಕ್ಕೂ ಪೂರ್ತಿ ಕೆಲಸ ಕೊಡಿ. ಓಡ್ತಾ ಇರ್ವಾಗ್ಲೇ ಒಂದನ್ನ ಕೊಲ್ಬೇಕು," ಎಂದಿತು. ಅವಳು ಕೊಟ್ಟಳು. ಗೂರಲಜ್ಜನ ಫ್ಯಾನು ಏರಿತು, ಕಾಲಿಗೆ ಬಿಸಿಗಾಳಿ ತಾಗಿತು. ಆ ಹೊತ್ತಿಗೇ ತಲೆಯ ಮೇಲಿನ ದೀಪ ಆರಿತು.

"ಕರೆಂಟ್ ಹೋಯ್ತು, ಬ್ಯಾಟರಿ ಇದೆ," ಎಂದಳು.

"ಸರಿ, ಮುಂದುವರಿಸಿ."

ಬ್ಯಾಟರಿಯ ಪೆಟ್ಟಿಗೆ ಒಂದೇ ಸಮ ಪೀಂಪೀಂ ಎನ್ನತೊಡಗಿತು. ಭಾರ ಹೆಚ್ಚಾಗಿದೆ ಎನ್ನುವುದಕ್ಕೆ ಅದು ಹಾಗೆ ಕೂಗುತ್ತದೆ, ಇಯರ್‌ಫೋನಿನೊಳಗಿಂದಲೂ ಅದು ಕೇಳಿಸುತ್ತಿತ್ತು. ಕೂಗಿಗೆ ಕಿವಿಗೊಡದಿದ್ದರೆ ಅದು ಎರಡನ್ನೂ ಒಟ್ಟಿಗೆ ಆರಿಸಿಬಿಡುತ್ತದೆ. ಏನು ಮಾಡಲಿ ಎಂದು ಅವಳು ಯೋಚಿಸುತ್ತಿರುವಾಗಲೇ ಕೂಗು ತಟ್ಟನೆ ನಿಂತಿತು. ಹಸಿರು ಚುಕ್ಕೆಗಳು ಆರೂ ಹಾಗೇ ಇದ್ದವು. ಸದ್ಯ, ಬ್ಯಾಟರಿ ತಾನೇ ಸುಧಾರಿಸಿಕೊಂಡಿತು ಎಂದುಕೊಂಡಳು. ಎಷ್ಟೋ ವಾರಗಳ ನಂತರ ಅವಳ ಮನಸ್ಸು ಹಗುರವಾಯಿತು. ಆ ಹಗುರಕ್ಕಾಗಿ ಅವಳು ಆಮೇಲೆ ತನ್ನನ್ನು ತಾನು ಬಹಳ ದಿನ ಕ್ಷಮಿಸಲಿಲ್ಲ.

"ಮೂರರಲ್ಲಿ ಮುಖ್ಯ ಯಜಮಾನನ್ನೇ ಕೊಲ್ಲಿ," ಎಂದಿತು ಗಂಡುದನಿ.

ಕೊಂದಳು. ಒಂದು ಚುಕ್ಕೆ ಕೆಂಪಾಯಿತು. ಉಳಿದೆರಡು ಯಜಮಾನ ಯಂತ್ರಗಳು ಒಂದು ಗಳಿಗೆ ತಬ್ಬಿಬ್ಬಾಗಿ, ಪರಸ್ಪರ ಕೇಳಿಕೊಂಡು, ತಮ್ಮಲ್ಲೇ ಒಂದನ್ನು ಹೊಸ ಮುಖ್ಯ ಯಜಮಾನನನ್ನಾಗಿ ಮಾಡಿಕೊಂಡವು. ದುಡಿಯುವ ಎರಡಕ್ಕೆ ಏನೂ ಗೊತ್ತಾಗಲೇ ಇಲ್ಲ, ಅವು ದುಡಿಯುತ್ತಲೇ ಇದ್ದವು.

"ಚೆನ್ನಾಗಿದೆ," ಎಂದಿತು ಹೆಣ್ಣುದನಿ. "ಈಗ ಸತ್ತದ್ದನ್ನ ಎಬ್ಬಿಸಿ ವಾಪಸ್ ಸೇರಿಸಿಬಿಟ್ರೆ ಮುಗೀತು."

ಅವಳಿಗೆ ನಗು ಬಂತು. ಆ ನಗುವನ್ನು ಮಾವನಿಗೂ ತೋರಿಸೋಣವೆಂದು ಒಂದು ಇಯರ್‌ಫೋನನ್ನು ಕಿವಿಯಿಂದ ತೆಗೆದಳು.

ಕೋಣೆಯಲ್ಲಿ ಒಂದೇ ಸದ್ದಿತ್ತು. ಗೊರಗೊರ ಇತ್ತು. ಉಸ್ ಇರಲಿಲ್ಲ, ಟಪ್ ಇರಲಿಲ್ಲ. ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತೇ ಒಂದು ಫ್ಯಾನು ಕಮ್ಮಿಯಾದದ್ದನ್ನು ಹೇಳುತ್ತಿದ್ದ ಕಿವಿ ಅವಳದು.

ತಿರುಗಿ ನೋಡಿದಳು. ಮಾವ ಮಂಚದ ಅಂಚಿನಲ್ಲಿ ಎರಡೂ ಕೈ ಮೊಣಕಾಲ ಮೇಲೂರಿ, ಭುಜ ಎತ್ತಿ, ಬಾಯಿ ತೆರೆದು ಕೂತಿದ್ದರು. ತುಟಿಯ ಬಣ್ಣ ಹೋಗಿತ್ತು. ನಳಿಕೆಯನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪ್ಲಗ್ಗು ಕಿತ್ತರೆ ಆ ಮೆಷಿನ್ನು ಕೂಗಿಕೊಳ್ಳುತ್ತದೆ, ಅದು ಅವರಿಗೆ ಗೊತ್ತಿತ್ತು. ಗುಂಡಿ ಒತ್ತಿ ಆರಿಸಿದ್ದರು. ಅವಳು ತಿರುಗಿದ್ದನ್ನು ನೋಡಿ ಒಂದು ಕೈ ಎತ್ತಿ, ನೋಡ್ಕೋ, ಅಲ್ಲಿ ನೋಡ್ಕೋ ಎನ್ನುವಂತೆ ಪರದೆಯ ಕಡೆ ಬೀಸಿದರು.

ಅವಳು ಹಾರಿ ಬಂದು ಗುಂಡಿ ಒತ್ತಿದಳು. ಉಸ್ ಎಂದಿತು. ಅದರ ಬೆನ್ನಿಗೇ ಬ್ಯಾಟರಿ ಮತ್ತೆ ಪೀಂಪೀಂ ಎಂದು ಕೂಗಿಕೊಂಡಿತು. ಓಡುತ್ತಿರುವ ಯಂತ್ರದ ವೈರನ್ನು ಅವಳು ಜನ್ಮದಲ್ಲಿ ಕಿತ್ತವಳಲ್ಲ, ಹಾಗೆ ಕಿತ್ತವರ ಮುಖ ನೋಡಿ ಮಾತಾಡಿದವಳೂ ಅಲ್ಲ. ಬಗ್ಗಿ ಗೂರಲಜ್ಜನ ವೈರು ಹಿಡಿದು ಒಂದೇ ಸಲಕ್ಕೆ ಎಳೆದಳು. ಕೂಗು ನಿಂತಿತು. ಗೊರಗೊರ ಇಳಿದು ಇಳಿದು ಆರಿತು. ನಳಿಕೆಯನ್ನು ಮಾವನ ಮೂಗಿಗೆ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ನೀವತೊಡಗಿದಳು. ಮೇಜಿನ ಮೇಲೆ ಬಿದ್ದಿದ್ದ ಇಯರ್‌ಫೋನು ಸಣ್ಣಗೆ, "ಮೇಡಂ? ಮೇಡಂ, ಎಲ್ಲಾ ಹೋಯ್ತಲ್ಲ. ಆರೂ ಹೋದ್ವು. ಕೇಳಿಸ್ತಿದೆಯಾ?" ಎನ್ನುತ್ತಿತ್ತು.

ಮಾವನ ತುಟಿಗೆ ಬಣ್ಣ ಬರಲು ಎಷ್ಟು ಹೊತ್ತು ಹಿಡಿಯಿತೋ. ಬಂದ ಮೇಲೂ ಅವಳು ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

ಕೊನೆಗೆ ಲ್ಯಾಪ್‌ಟಾಪಿನ ಬಳಿ ಹೋದಾಗ ಹೆಣ್ಣುದನಿ ಮಾತ್ರ ಉಳಿದಿತ್ತು. "ಏನಾಯ್ತು ಮೇಡಂ? ಬ್ಯಾಟರಿ ಇದೆ ಅಂದ್ರಲ್ಲ?"

"ಇತ್ತು. ಒಬ್ಬರಿಗೆ ಆಗೋದನ್ನ ಇಬ್ಬರಿಗೆ ಕೊಟ್ಟಿದ್ದೆ."

ಆ ಕಡೆ ಕೀಲಿ ಒತ್ತಿದ ಸದ್ದಾಯಿತು. "ನಾನು ಅಪೂರ್ಣ ಅಂತ ಹಾಕ್ತೀನಿ. ಫೇಲ್ ಅಂತ ಹಾಕಲ್ಲ. ಇನ್ನೊಂದು ಸರದಿ ಮಾಡಿದ್ರೆ ಕರೀತಾರೆ."

"ಮಾಡ್ತಾರಾ?"

"ಗೊತ್ತಿಲ್ಲ ಮೇಡಂ. ಸುಮ್ನೆ ಆಸೆ ಹುಟ್ಸೋಕೆ ನಂಗೂ ಇಷ್ಟ ಇಲ್ಲ."

ಪರದೆ ಮುಚ್ಚಿ ಅವಳು ಮಂಚದ ಅಂಚಿಗೆ ಬಂದು ಕೂತಳು. ಅಳು ಬರಬಹುದು ಎಂದು ಕಾದಳು, ಅದಕ್ಕೂ ಶಕ್ತಿ ಇದ್ದಂತಿರಲಿಲ್ಲ.

ಮಾವನೇ ಮೊದಲು ಮಾತಾಡಿದರು, ಎರಡೆರಡು ಶಬ್ದಕ್ಕೆ ನಿಂತು. "ಗಂಟೆ ಹೊಡೀತಲ್ಲಮ್ಮ. ಯಾರಾದ್ರೂ ಇಳೀಬೇಕಿತ್ತು."

"ನೀವ್ಯಾಕೆ ಇಳೀಬೇಕು ಮಾವ?"

"ನೀನು ಮೇಲೆ ಹೋಗ್ಬೇಕಾಗಿತ್ತು. ನಂದೇನು, ಸ್ವಲ್ಪ ಹೊತ್ತು ತಡ್ಕೋತಿದ್ದೆ."

"ಆಗ ಮೆಟ್ಟಿಲು ಹತ್ತಿ ಬಂದು ಬಾಗಿಲು ತೆಗೀತಿದ್ರಿ. ಇವತ್ತು ಹತ್ತೋಕಾಗ್ತಿತ್ತಾ?"

ಅವರು ಕಿಟಕಿಯಾಚೆ ನೋಡುತ್ತಾ ಅವಳ ಕೈ ಹಿಡಿದುಕೊಂಡರು. ಹಿಡಿತದಲ್ಲಿ ಬಲವಿರಲಿಲ್ಲ, ಅವಳೇ ತನ್ನ ಬೆರಳು ಮಡಚಿ ಅದನ್ನು ಜಾರದಂತೆ ಉಳಿಸಿಕೊಂಡಳು.

ಮಧ್ಯಾಹ್ನ ಕರೆಂಟು ಬಂತು. ಅವಳು ಗೂರಲಜ್ಜನನ್ನು ಎಳೆದುಕೊಂಡು ಹೋಗಿ ಹಜಾರದಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಬ್ಯಾಟರಿಯ ಸಂಪರ್ಕವಿಲ್ಲದ ಪ್ಲಗ್ಗಿಗೆ ಸಿಕ್ಕಿಸಿದಳು. ಗುಂಡಿ ಒತ್ತಿದಾಗ ಅದು ಮೊದಲು ಏನೂ ಅನ್ನಲಿಲ್ಲ, ಆಮೇಲೆ ಕೆಮ್ಮಿ ಗೊರಗೊರ ಎಂದಿತು. ಹಾಗೆ ಕಿತ್ತು ಎಳೆದದ್ದಕ್ಕೆ ಒಳಗೆ ಏನೇನು ಮುರಿದಿದೆಯೋ, ಎಲ್ಲಿಂದ ಮತ್ತೆ ಶುರುಮಾಡಬೇಕೋ. ನೋಡಲು ನಿಲ್ಲಲಿಲ್ಲ. ಕೈಚೀಲದ ತಳದಲ್ಲಿ ಆಫೀಸಿನ ಬಿಳಿ ಪಟ್ಟಿಯ ಸುರುಳಿ ಇತ್ತು. ಒಂದು ತುಂಡು ಹರಿದು, ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಮಾವ ಎಂದು ಬರೆದು, ಆಕ್ಸಿಜನ್ ಮೆಷಿನ್ನಿನ ವೈರಿಗೆ, ಪ್ಲಗ್ಗಿನ ಕುತ್ತಿಗೆಯ ಹತ್ತಿರ, ಸುತ್ತಿ ಅಂಟಿಸಿದಳು. ಪಕ್ಕದ ತೂತುಗಳ ಮೇಲೆ ಏನೂ ಬರೆಯದ ಪಟ್ಟಿಯನ್ನು ಅಡ್ಡಡ್ಡ ಎಳೆದು ಮುಚ್ಚಿದಳು.

ಹಜಾರದ ಗೊರಗೊರ ಕೋಣೆಯವರೆಗೂ ಕೇಳುತ್ತಿತ್ತು. ಮಾವ ಕಣ್ಣು ತೆರೆಯದೆಯೇ ತಲೆ ಆ ಕಡೆ ಹೊರಳಿಸಿದರು.

"ಎದ್ವಾ?"

"ಏಳ್ತವೆ ಬಿಡಿ," ಎಂದು ಅವಳು ಅಲ್ಲೇ ಕೂತು, ಜಾರಿದ್ದ ನಳಿಕೆಯನ್ನು ಅವರ ಕಿವಿಯ ಹಿಂದೆ ಮತ್ತೆ ಸಿಕ್ಕಿಸಿದಳು.